ಸರ್ಕಾರಕ್ಕೆ ಸಾಲ ಕೊಟ್ಟ ಕದರಯ್ಯ

ಸರ್ಕಾರಗಳಿಗೆ ಸಾಲ ಕೊಡುವವರು ಯಾರು ಯಾರು ಎಂದು ನೀವು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಓದಿರಬಹುದು. ವಿಶ್ವಬ್ಯಾಂಕು ಕೊಡುತ್ತದೆ, ಅಮೆರಿಕ ಕೊಡುತ್ತದೆ, ರಷ್ಯಾ ಕೊಡುತ್ತದೆ ಎಂದೆಲ್ಲ ಬರೆದಿರುತ್ತಾರೆ. ಆ ಪಟ್ಟಿಯಲ್ಲಿ ತುಮಕೂರಿನ ಉಪ್ಪಾರಹಳ್ಳಿಯ ಕದರಯ್ಯನ ಹೆಸರು ಇರುವುದಿಲ್ಲ. ಇರಬೇಕಾಗಿತ್ತು. ಅದಕ್ಕೆ ನಾನೇ ಸಾಕ್ಷಿ. ಅವನು ಮೊದಲನೇ ಸಲ ಸಾಲ ಕೊಟ್ಟ ದಿನ ಸಂಬಳದ ಮೇಜಿನ ಮುಂದೆ ಅವನ ಬೆನ್ನ ಹಿಂದೆಯೇ ನಿಂತಿದ್ದೆ.

ಕದರಯ್ಯ ನಮ್ಮ ಕಚೇರಿಯಲ್ಲಿ ಟಪಾಲು ಗುಮಾಸ್ತ. ಯಾವ ಕಚೇರಿ ಎಂದು ಕೇಳಬೇಡಿ, ತುಮಕೂರಿನಲ್ಲಿ ಸರ್ಕಾರಿ ಕಚೇರಿಗಳಿಗೇನು ಬರವಿಲ್ಲ. ಚೇಳೂರಿನ ಹತ್ತಿರದ ಹಳ್ಳಿಯವನು. ಹದಿನೈದು ವರ್ಷ ಜವಾನನಾಗಿ ಸಾಹೇಬರ ಬೆಲ್ಲಿಗೆ ಓಡಾಡಿ, ಮೂವತ್ತೇಳನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿಗೆ ಕಟ್ಟಿ, ಮೂರನೇ ಸಲಕ್ಕೆ ಪಾಸಾಗಿ ಗುಮಾಸ್ತನಾದವನು. ಮಕ್ಕಳಿರಲಿಲ್ಲ. ಹೆಂಡತಿ ರಂಗಲಕ್ಷ್ಮಮ್ಮ. ಉಪ್ಪಾರಹಳ್ಳಿಯ ಷಡಕ್ಷರಿಯವರ ವಠಾರದಲ್ಲಿ ಅವರದು ಒಂದು ಕೋಣೆ, ಒಂದು ಅಡುಗೆಮನೆ. ಎದುರು ಮನೆ ನನ್ನದು. ನನ್ನ ಹೆಸರು ಅಂಜನಮೂರ್ತಿ, ಅದೇ ಕಚೇರಿಯಲ್ಲಿ ಅವನಿಗಿಂತ ಒಂದು ಮೇಜು ಮುಂದೆ ಕೂರುತ್ತಿದ್ದೆ. ಆ ಒಂದು ಮೇಜಿನ ಅಂತರ ನನ್ನ ತಲೆಗೇರಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಎಪ್ಪತ್ತನಾಲ್ಕನೇ ಇಸವಿ. ಸಕ್ಕರೆಗೆ ಕ್ಯೂ, ಸೀಮೆಎಣ್ಣೆಗೆ ಕ್ಯೂ. ಬೆಲೆ ಏರಿದೆ ಎಂದು ನಮಗೆಲ್ಲ ತುಟ್ಟಿಭತ್ಯೆ ಹೆಚ್ಚಿಸಿದರು. ಹೆಚ್ಚಿದ್ದರಲ್ಲಿ ಅರ್ಧ ಕೈಗೆ ಬರುವುದಿಲ್ಲ ಎಂಬ ಸುತ್ತೋಲೆ ಅದರ ಹಿಂದೆಯೇ ಬಂತು. ಸುತ್ತೋಲೆಯ ಟಪಾಲನ್ನು ಒಡೆದು ನಂಬರು ಹಾಕಿದವನು ಕದರಯ್ಯನೇ, ಆದರೆ ಟಪಾಲಿನವರು ಟಪಾಲನ್ನು ಓದುವುದಿಲ್ಲ. ಸಂಬಳದ ದಿನ ಲೆಕ್ಕದ ಲಕ್ಷ್ಮೀನರಸಿಂಹಯ್ಯನವರ ಮೇಜಿನ ಮುಂದೆ ನೋಟುಗಳನ್ನು ಎರಡು ಸಲ ಎಣಿಸಿ ನಿಂತುಕೊಂಡ.

"ಹನ್ನೊಂದು ರೂಪಾಯಿ ಕಮ್ಮಿ ಐತಲ್ಲ ಸ್ವಾಮಿ."

"ಕಮ್ಮಿ ಇಲ್ಲ ಕಣಯ್ಯಾ. ಜಾಸ್ತಿ ಆಗಿದ್ದರಲ್ಲಿ ಅರ್ಧ ಠೇವಣಿಗೆ ಹೋಗಿದೆ. ಕಡ್ಡಾಯ ಠೇವಣಿ."

"ನಾನು ಠೇವಣಿ ಇಡ್ತೀನಿ ಅಂತ ಯಾರ್ಗೂ ಹೇಳ್ಲಿಲ್ವಲ್ಲ."

"ಅದಕ್ಕೇ ಕಡ್ಡಾಯ ಅನ್ನೋದು. ಸೈನು ಹಾಕಿ ಹಿಂದಿನವರಿಗೆ ದಾರಿ ಬಿಡು."

ಅವನು ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದ. ನಾನು ಅವನನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿದೆ. ಅವತ್ತು ನಾನು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಆಗುತ್ತಿತ್ತು. ಆದರೆ ನಾನು ದಿನಾ ಪೇಪರು ಓದುವವನು. ಪೇಪರು ಓದುವವನ ಕೈಗೆ ಓದದವನು ಒಬ್ಬ ಸಿಕ್ಕಿದರೆ ಏನಾಗುತ್ತದೆ ಎಂದು ನಿಮಗೂ ಗೊತ್ತಿದೆ.

"ನೋಡು ಕದರಯ್ಯ, ಸರ್ಕಾರಕ್ಕೆ ಖರ್ಚು ಜಾಸ್ತಿ. ನಾಲೆ ತೋಡಬೇಕು, ರಸ್ತೆ ಹಾಕಬೇಕು, ನಮಗೆ ಸಂಬಳ ಕೊಡಬೇಕು. ದುಡ್ಡು ಎಲ್ಲಿಂದ ತರೋದು? ತೆರಿಗೆ ಹಾಕಿದ್ರೆ ಇರೋರು ಕಟ್ಟಲ್ಲ, ಇಲ್ಲದೋರ ಹತ್ರ ಇಲ್ಲ. ಸಾರಾಯಿ ಹರಾಜಿಂದ ಒಂದಷ್ಟು ಬರುತ್ತೆ, ಕುಡುಕರು ಪಾಪ ಕೈಲಾದಷ್ಟು ಮಾಡ್ತಾ ಇದಾರೆ. ಲಾಟರಿಯಿಂದ ಒಂದಷ್ಟು, ಹೊರದೇಶದ ಸಾಲ ಒಂದಷ್ಟು. ಅದೂ ಸಾಲದೆ ಹೋದ್ರೆ ನೋಟು ಅಚ್ಚು ಹಾಕ್ತಾರೆ. ನೋಟು ಹೆಚ್ಚಾದ್ರೆ ಬೆಲೆ ಏರುತ್ತೆ. ಬೆಲೆ ಏರಿತು ಅಂತ ನಮಗೆ ಭತ್ಯೆ ಕೊಡ್ತಾರೆ. ಅದನ್ನ ನಾವು ಖರ್ಚು ಮಾಡಿದ್ರೆ ಬೆಲೆ ಇನ್ನೂ ಏರುತ್ತೆ ಅಂತ ಅರ್ಧ ಅವರೇ ಇಟ್ಕೋತಾರೆ. ಆಮೇಲೆ ಬಡ್ಡಿ ಸೇರಿಸಿ ಕೊಡ್ತಾರೆ."

ಇಷ್ಟರಲ್ಲಿ ಕದರಯ್ಯನ ಕಿವಿಗೆ ಬಿದ್ದದ್ದು ಒಂದೇ ಮಾತು.

"ಬಡ್ಡಿ ಕೊಡ್ತಾರಾ?"

"ಕೊಡ್ತಾರೆ."

"ಹಂಗಾದ್ರೆ ಸಾಲ ಅನ್ನಿ."

"ಸಾಲಾನೇ. ಸರ್ಕಾರ ನಿನ್ನ ಹತ್ರ ಸಾಲ ತಗೊಂಡಿದೆ ಅಂತಾನೇ ಇಟ್ಕೋ."

ಕದರಯ್ಯ ಲೋಟ ಕೆಳಗಿಟ್ಟ. ಅವನ ಅಪ್ಪ, ತಾತ, ಮುತ್ತಾತ ಎಲ್ಲರೂ ಚೇಳೂರಿನ ಸಾಹುಕಾರರ ಜಗಲಿಯ ಕೆಳಗೆ, ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತವರು. ಸಾಲ ತೆಗೆದುಕೊಂಡವನು ಕೊಟ್ಟವನ ಮುಂದೆ ಕೂರಬಾರದು ಎಂಬುದು ಅವರ ಕಡೆಯ ನಡಾವಳಿ. ಅವನ ವಂಶದಲ್ಲಿ ಸಾಲ ಕೊಟ್ಟವನು ಅಂತ ಒಬ್ಬನೂ ಹುಟ್ಟಿರಲಿಲ್ಲ.

"ಸರ್ಕಾರನಾ?" ಎಂದ. ಮತ್ತೆ, "ನಮ್ ಹತ್ರನಾ?" ಎಂದ. ಕಾಫಿಯ ದುಡ್ಡನ್ನು ಅವತ್ತು ಅವನೇ ಕೊಟ್ಟ.

ಮಾರನೇ ದಿನದಿಂದ ಸಾಲಪತ್ರ ಬೇಕು ಎಂದು ಲಕ್ಷ್ಮೀನರಸಿಂಹಯ್ಯನವರ ಪ್ರಾಣ ತಿಂದ. ಒಂದು ವಾರ ತಡೆದುಕೊಂಡು ಅವರು ಕೊನೆಗೆ, 'ಈ ನೌಕರರ ಹೆಸರಿನಲ್ಲಿ ಸರ್ಕಾರಕ್ಕೆ ಠೇವಣಿ ಜಮಾ ಆಗಿದೆ' ಎಂದು ಒಂದು ಚೀಟಿಯಲ್ಲಿ ಬರೆದು, ಮೊಹರು ಹಾಕಿ, ಅವನ ಕಡೆಗೆ ಎಸೆದರು. ಕದರಯ್ಯ ಅದನ್ನು ಮಂಡಿಪೇಟೆಯ ಫೋಟೋ ಅಂಗಡಿಗೆ ಒಯ್ದು ಗಾಜು ಹಾಕಿಸಿ, ಮನೆಯಲ್ಲಿ ಕದರಿ ನರಸಿಂಹಸ್ವಾಮಿಯ ಪಟದ ಪಕ್ಕ ತೂಗುಹಾಕಿದ. ಅಂಗಡಿಯವನು ಚೀಟಿಯ ಅಂಚನ್ನು ಚೌಕಟ್ಟಿನೊಳಗೆ ಸೇರಿಸಿ ಮೊಳೆ ಹೊಡೆದಿದ್ದ. ಮೊಹರು ಕಾಣುತ್ತಿತ್ತು, ಹೆಸರು ಕಾಣುತ್ತಿತ್ತು, ಕೆಳಗಿನ ಸಾಲಿನಲ್ಲಿದ್ದ ಮೊತ್ತ ಮಾತ್ರ ಮರದ ಹಿಂದೆ ಹೋಗಿತ್ತು.

ವಠಾರದ ಮಾಲೀಕ ಷಡಕ್ಷರಿಯವರು ಕನ್ನಡಕ ಹಾಕಿಕೊಂಡು ಬಂದು, ಮೂರು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಎಷ್ಟು ಕೊಟ್ಟಿದೀಯಪ್ಪ?"

"ಲೆಕ್ಕ ಸರ್ಕಾರದ ಹತ್ರ ಐತೆ ಬುಡಿ ಯಜಮಾನ್ರೇ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಷಡಕ್ಷರಿಯವರು ಬಹಳ ಗೌರವದಿಂದ ಮನೆಗೆ ಹೋಗಿ, ಅಷ್ಟೇ ಗೌರವದಿಂದ ಮುಂದಿನ ತಿಂಗಳಿಂದ ಬಾಡಿಗೆಗೆ ಐದು ರೂಪಾಯಿ ಸೇರಿಸಿದರು. ಸರ್ಕಾರಕ್ಕೇ ಕೊಟ್ಟವನಿಗೆ ತಮಗೆ ಐದು ರೂಪಾಯಿ ಕೊಡುವುದು ಯಾವ ಲೆಕ್ಕ ಎಂಬುದು ಅವರ ನ್ಯಾಯ. ರಂಗಲಕ್ಷ್ಮಮ್ಮ ಪಟವನ್ನು ನೋಡಿದ್ದು ಧೂಳು ಒರೆಸುವಾಗ ಮಾತ್ರ.

"ಯಾರಿಗೆ ಏನ್ ಕೊಟ್ರೋ ನಂಗೊತ್ತಿಲ್ಲ, ಸೀಮೆಎಣ್ಣೆಗೆ ಕಾಸು ಕೊಡಿ," ಎಂದಳು. ಆಗಲೇ ಆಕೆ ಒಂದು ಕೈಯನ್ನು ಕಿಬ್ಬೊಟ್ಟೆಯ ಮೇಲೆ ಇಟ್ಟುಕೊಂಡೇ ಓಡಾಡುತ್ತಿದ್ದಳು. ನಾನು ಅದನ್ನು ನೋಡಿದ್ದೆ, ನನ್ನ ಹೆಂಡತಿಯೂ ನೋಡಿದ್ದಳು, ಗಂಡಸರು ಕೇಳುವ ವಿಷಯವಲ್ಲ ಎಂದು ಸುಮ್ಮನಿದ್ದೆವು.

ಎಪ್ಪತ್ತೈದರ ಬೇಸಿಗೆಯಲ್ಲಿ ರಂಗಲಕ್ಷ್ಮಮ್ಮನ ತಮ್ಮ ಬೆಟ್ಟಯ್ಯ ಚೇಳೂರಿನಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆದ. ನನ್ನನ್ನೂ ಕರೆದಿದ್ದ, ಊಟವೆಂದರೆ ನಾನು ಇಲ್ಲವೆನ್ನುವವನಲ್ಲ. ಗುಬ್ಬಿ ದಾಟಿದ ಮೇಲೆ ರಸ್ತೆಗೆ ಟಾರು ಹಾಕುತ್ತಿದ್ದರು. ಬಸ್ಸು ನಿಂತಿತು. ಕದರಯ್ಯ ಕೆಳಗಿಳಿದು ಟಾರಿನ ಡ್ರಮ್ಮಿನ ಹತ್ತಿರ ಹೋಗಿ, ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಂಡ.

"ಆ ಕಡೆ ಅಷ್ಟೊಂದು ಚೆಲ್ತಾ ಇದೀರಲ್ಲಯ್ಯ, ಅದೇನು ಪುಕ್ಕಟೆ ಬತ್ತದಾ?"

"ನೀವ್ಯಾರು ಸ್ವಾಮಿ, ಇಂಜಿನಿಯರ್ರಾ?"

"ಇಂಜಿನಿಯರ್ ಅಲ್ಲ ಕಣಯ್ಯ. ದುಡ್ಡು ಕೊಟ್ಟೋನು."

ಮೇಸ್ತ್ರಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗದ ಮಾತನ್ನು ಇಷ್ಟು ಧೈರ್ಯವಾಗಿ ಆಡುವವನು ದೊಡ್ಡ ಮನುಷ್ಯನೇ ಇರಬೇಕೆಂದು ಬೀಡಿ ಎಸೆದು ಕೈಮುಗಿದ. ಬಸ್ಸಿನ ಕಿಟಕಿಗಳಿಂದ ಅದನ್ನು ನಲವತ್ತು ಜನ ನೋಡಿದರು. ಅವರಲ್ಲಿ ಅರ್ಧ ಜನ ಗೃಹಪ್ರವೇಶಕ್ಕೇ ಹೊರಟವರು.

ಬೆಟ್ಟಯ್ಯನ ಮನೆಯಲ್ಲಿ ಕುರ್ಚಿ ಇದ್ದದ್ದು ಒಂದೇ, ಅದನ್ನು ಕದರಯ್ಯನಿಗೆ ಹಾಕಿದರು. ಊರಿನ ಹಿರಿಯ ನರಸಯ್ಯ ಎಂಬುವನು ಕೆಳಗೆ ಕೂತು, ಕೈಯನ್ನು ಕಿವಿಗೆ ಆನಿಸಿಕೊಂಡು ಕೇಳಿದ.

"ಅಲ್ಲ ಕಣ್ಲಾ ಕದರ, ಅಷ್ಟೊಂದು ಜನ ಶ್ರೀಮಂತ್ರು ಅವ್ರೆ. ಸರ್ಕಾರ ಯಾಕ್ಲಾ ನಿನ್ ಹತ್ರ ಬಂತು?"

"ಬೇರೆಯೋರು ಕೊಡ್ಲಿಲ್ಲ ಅಂತ ಕಾಣ್ತದೆ ದೊಡ್ಡಪ್ಪ."

ಇದೂ ನಿಜವೇ. ಅರ್ಥಶಾಸ್ತ್ರದ ಮೇಷ್ಟ್ರುಗಳು ಒಂದು ಗಂಟೆ ತೆಗೆದುಕೊಂಡು ಹೇಳುವುದನ್ನು ಅವನು ಒಂದು ಮಾತಿನಲ್ಲಿ ಹೇಳಿದ್ದ. ಆದರೆ ಮೊತ್ತ ಹೇಳಲಿಲ್ಲ. ಮೊತ್ತ ಹೇಳದಿದ್ದ ಕಾರಣ ಊಟದ ಹೊತ್ತಿಗೆ ಅದು ಐದು ಸಾವಿರವಾಗಿ, ಎಲೆ ಅಡಿಕೆಯ ಹೊತ್ತಿಗೆ ಇಪ್ಪತ್ತು ಸಾವಿರವಾಗಿ, ಕುಣಿಗಲ್ಲಿನ ನೆಂಟರ ಬಾಯಿಗೆ ಬೀಳುವ ಹೊತ್ತಿಗೆ ಲಕ್ಷ ದಾಟಿತ್ತು. ಅವತ್ತಿಗೆ ಅವನು ಸರ್ಕಾರಕ್ಕೆ ಕೊಟ್ಟಿದ್ದದ್ದು ನೂರ ಹತ್ತು ರೂಪಾಯಿ.

ಅದಾಗಿ ಮೂರು ತಿಂಗಳಿಗೆ ರಂಗಲಕ್ಷ್ಮಮ್ಮನ ಸೋದರಮಾವ ಸಿದ್ದಗಂಗಯ್ಯ ಕುಣಿಗಲ್ ಕಡೆಯಿಂದ ಒಂದು ಬಾಳೆಗೊನೆ ಹೊತ್ತು ಬಂದ. ಮಾರ್ಕೋನಹಳ್ಳಿ ನಾಲೆಯ ಕೊನೇ ತೂಬಿನಲ್ಲಿ ಅವನ ಗದ್ದೆ, ಅಲ್ಲಿಗೆ ನೀರು ಬರುತ್ತಿರಲಿಲ್ಲ.

"ನಿಮ್ಮಿಂದ ಇಸ್ಕೊಂಡೋರಿಗೆ ನೀವೊಂದು ಮಾತು ಹೇಳಿದ್ರೆ ಬುಡ್ತಾರೆ ಕಣಪ್ಪ," ಎಂದ.

ಕದರಯ್ಯ ಯೋಚನೆ ಮಾಡಿದ. ಕೊಟ್ಟವನು ಕೇಳುವುದರಲ್ಲಿ ತಪ್ಪೇನೂ ಕಾಣಲಿಲ್ಲ. ಸೀದಾ ನಮ್ಮ ಸಾಹೇಬರ ಕೋಣೆಗೆ ಹೋಗಿ, ಹದಿನೈದು ವರ್ಷ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತಿದ್ದವನು, ಅವರ ಎದುರಿನ ಕುರ್ಚಿಯಲ್ಲಿ ಕೂತ. ಫೈಲು ಹಿಡಿದುಕೊಂಡು ಒಳಗಿದ್ದ ನಾನು ಗೋಡೆಗೆ ಅಂಟಿಕೊಂಡೆ.

"ನಮ್ ದುಡ್ಡಿಗೆ ಆತುರ ಏನಿಲ್ಲ ಸಾರ್, ನಿಧಾನಕ್ಕೆ ಕೊಡ್ಲಿ. ಮಾರ್ಕೋನಹಳ್ಳಿ ಕೊನೇ ತೂಬಿಗೆ ಒಂಚೂರು ನೀರು ಬುಡಕ್ಕೆ ಹೇಳ್ಬೇಕು."

ತುರ್ತುಪರಿಸ್ಥಿತಿ ಬಂದು ಎಂಟು ವಾರ ಆಗಿತ್ತು. ಕಡಿಮೆ ಮಾತು ಹೆಚ್ಚು ದುಡಿಮೆ ಎಂಬ ಹಲಗೆ ಸಾಹೇಬರ ತಲೆಯ ಮೇಲೇ ನೇತಾಡುತ್ತಿತ್ತು. ಅವರ ಮುಖ ಬಿಳಿಚಿಕೊಂಡಿತು. ಇವನು ಕಡ್ಡಾಯ ಠೇವಣಿಯ ವಿರುದ್ಧ ಮಾತಾಡುವ ಸಂಘದವನೋ, ಸಂಘದವರನ್ನು ಹಿಡಿಯಲು ಬಿಟ್ಟ ಗುಪ್ತಚರನೋ ಅವರಿಗೆ ತಿಳಿಯಲಿಲ್ಲ. ಎರಡಕ್ಕೂ ಆಗುವ ಹಾಗೆ ಒಂದು ಮೆಮೊ ಬರೆಸಿದರು. 'ತಮ್ಮ ನಡವಳಿಕೆಗೆ ಮೂರು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.' ಕಚೇರಿಯ ಎಲ್ಲ ಟಪಾಲೂ ಕದರಯ್ಯನ ಕೈಯಿಂದಲೇ ಹೋಗಬೇಕು. ಅವನು ಅದಕ್ಕೆ ನಂಬರು ಹಾಕಿ, ಲಕೋಟೆಗೆ ಅಂಟು ಹಚ್ಚಿ, ತನಗೆ ತಾನೇ ಕೊಟ್ಟುಕೊಂಡು, ತಲುಪಿದೆ ಎಂದು ಸಹಿ ಮಾಡಿದ. ಸಂಜೆ ಮನೆಗೆ ತಂದ. ಸರ್ಕಾರದ ಲಾಂಛನವಿದ್ದ ಲಕೋಟೆಯನ್ನು ವಠಾರದವರೆಲ್ಲ ನೋಡಿದರು.

"ಬಡ್ಡಿ ವಿಷಯ ಇರ್ಬೇಕು," ಎಂದರು ಷಡಕ್ಷರಿಯವರು.

ಇಲ್ಲಿಯತನಕ ನೀವು ನಕ್ಕಿದ್ದರೆ ತಪ್ಪಿಲ್ಲ, ನಾವೂ ಹೊಟ್ಟೆ ತುಂಬ ನಕ್ಕೆವು. ಆ ವರ್ಷದ ಕೊನೆಯಲ್ಲಿ ರಂಗಲಕ್ಷ್ಮಮ್ಮ ನೀರು ಸೇದುತ್ತಿದ್ದವಳು ಬಾವಿಕಟ್ಟೆಯ ಮೇಲೆ ಕುಸಿದು ಕೂತಳು. ಸೀರೆಯೆಲ್ಲ ರಕ್ತ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನೋಡಿ, ಗರ್ಭಕೋಶದಲ್ಲಿ ಗೆಡ್ಡೆ ಇದೆ, ಬೆಂಗಳೂರಿಗೆ ಒಯ್ದು ಒಂದು ತಿಂಗಳೊಳಗೆ ಆಪರೇಷನ್ ಮಾಡಿಸಬೇಕು, ತಡವಾದರೆ ತನ್ನನ್ನು ಕೇಳಬೇಡಿ ಎಂದರು.

"ರಕ್ತ, ಔಷಧಿ, ಎಲ್ಲ ಸೇರಿ ನಾನೂರು ರೂಪಾಯಿ ಕೈಲಿಟ್ಕೊಂಡು ಹೋಗಿ. ಆಗೋದಿಲ್ಲ ಅಂದ್ರೆ, ಸಂಬಳ ಬಿಟ್ಟು ಬೇರೆ ಏನೂ ಇಲ್ಲ ಅಂತ ರೆವಿನ್ಯೂ ಇನ್‌ಸ್ಪೆಕ್ಟರ್ ಹತ್ರ ಬರೆಸ್ಕೊಂಡು ಬನ್ನಿ. ಪುಕ್ಕಟೆ ವಾರ್ಡಿಗೆ ಬರ್ಕೊಡ್ತೀನಿ."

ಸರ್ಕಾರಿ ನೌಕರರಿಗೆ ಆಸ್ಪತ್ರೆ ಖರ್ಚು ವಾಪಸು ಬರುವುದಿಲ್ಲವೇ ಎಂದು ತಿಳಿದವರು ಕೇಳಬಹುದು. ಬರುತ್ತದೆ. ಮೊದಲು ಖರ್ಚು ಮಾಡಬೇಕು, ರಸೀದಿ ತರಬೇಕು, ಬಿಲ್ಲು ಬರೆಯಬೇಕು, ಆಮೇಲೆ ಒಂದು ವರ್ಷ ಕಾಯಬೇಕು. ಗೆಡ್ಡೆಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಅರ್ಜಿ ಕೊಟ್ಟ ಐದನೇ ದಿನ ರೆವಿನ್ಯೂ ಇನ್‌ಸ್ಪೆಕ್ಟರ್ ಅಡವಿಯಪ್ಪ ವಿಚಾರಣೆಗೆ ವಠಾರಕ್ಕೆ ಬಂದ. ಷಡಕ್ಷರಿಯವರು ಕುರ್ಚಿ ಹಾಕಿಸಿದರು, ಅವರ ಮನೆಯಿಂದ ಕಾಫಿ ಬಂತು. ಅಕ್ಕನನ್ನು ನೋಡಲು ಎಳನೀರು ಹಿಡಿದುಕೊಂಡು ಬಂದಿದ್ದ ಬೆಟ್ಟಯ್ಯನೂ ಇದ್ದ. ವಠಾರದ ಹೆಂಗಸರು ಬಾಗಿಲಲ್ಲಿ ನಿಂತರು. ಎಲ್ಲರಿಗೂ ಕದರಯ್ಯನ ಮರ್ಯಾದೆ ಉಳಿಸುವ ಉತ್ಸಾಹ.

"ಇವರು ಯಾರು ಅಂತ ಗೊತ್ತಾ ಸಾರ್ ನಿಮಗೆ? ಸರ್ಕಾರಕ್ಕೇ ಸಾಲ ಕೊಟ್ಟೋರು. ಪಟ ನೋಡಿ ಬೇಕಾದ್ರೆ," ಎಂದರು ಷಡಕ್ಷರಿಯವರು.

ಅಡವಿಯಪ್ಪ ಎದ್ದು ಪಟ ನೋಡಿದ. ಮೊಹರು ನೋಡಿದ. ಚೌಕಟ್ಟಿನ ಅಂಚಿಗೆ ಬೆರಳಿಟ್ಟು, "ಎಷ್ಟು ರೀ ಇದು?" ಎಂದು ಕೇಳಿದ.

ಕದರಯ್ಯ ಬಾಯಿ ತೆರೆದ. ಷಡಕ್ಷರಿಯವರ ಮುಖ ನೋಡಿದ, ಭಾವಮೈದುನನ ಮುಖ ನೋಡಿದ, ಬಾಗಿಲಲ್ಲಿದ್ದ ಹೆಂಗಸರನ್ನು ನೋಡಿದ. ಅಷ್ಟು ಜನರೂ ಹೆಮ್ಮೆಯಿಂದ ಕಾಯುತ್ತಿದ್ದರು. ಇನ್ನೂರು ರೂಪಾಯಿಗೆ ಎರಡು ರೂಪಾಯಿ ಕಡಿಮೆ ಎಂದು ಹೇಳಬೇಕಾಗಿತ್ತು, ಅಷ್ಟೇ. ಒಳಗೆ ಚಾಪೆಯ ಮೇಲೆ ರಂಗಲಕ್ಷ್ಮಮ್ಮ ನರಳಿದ್ದು ಕೇಳಿಸಿತು.

"ಲೆಕ್ಕ ಸರ್ಕಾರದ ಹತ್ರ ಐತೆ ಸಾರ್," ಎಂದ.

ನಾನು ಅಲ್ಲೇ ಇದ್ದೆ. ನನಗೆ ಮೊತ್ತ ಗೊತ್ತಿತ್ತು. ನಾನೂ ಹೇಳಲಿಲ್ಲ. ನಾಲ್ಕು ಜನರ ಮುಂದೆ ಅವನ ಮಾನ ಯಾಕೆ ತೆಗೆಯಲಿ ಎಂದುಕೊಂಡೆ. ಆ ಮಾತು ನೆನಪಾದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯ ಬರುತ್ತದೆ.

"ನೋಡಿ ಕದರಯ್ಯನೋರೇ," ಎಂದ ಅಡವಿಯಪ್ಪ, ಕಾಗದ ಮಡಿಚಿಕೊಳ್ಳುತ್ತ. "ಸರ್ಕಾರಕ್ಕೆ ಸಾಲ ಕೊಟ್ಟೋರು ಬಡವರು ಅಂತ ನಾನು ಬರೆದ್ರೆ, ಇಸ್ಕೊಂಡ ಸರ್ಕಾರ ಇನ್ನೆಷ್ಟು ಬಡದು ಅಂತಾಗುತ್ತೆ? ಈ ಕಾಲದಲ್ಲಿ ಹಾಗೆ ಬರೆದು ನಾನು ಉಳೀತೀನಾ?"

ಮಾರನೇ ದಿನ ಕದರಯ್ಯ ಒಬ್ಬನೇ ಅವನ ಕಚೇರಿಗೆ ಹೋಗಿ ನಿಜ ಹೇಳಿದನಂತೆ. ನಿನ್ನೆ ಪಂಚರ ಎದುರು ಹೇಳಿದ್ದು ಹೇಳಿಕೆ, ಇವತ್ತು ಒಬ್ಬರೇ ಬಂದು ಹೇಳುವುದು ಸುಳ್ಳು ಹೇಳಿಕೆ, ಅದಕ್ಕೆ ಬೇರೆ ಕೇಸಾಗುತ್ತದೆ ಎಂದು ಅಡವಿಯಪ್ಪ ತಿಳಿಸಿ ಹೇಳಿದನಂತೆ.

ಆಮೇಲೆ ನಾನೂರು ರೂಪಾಯಿ ಕೇಳಿಕೊಂಡು ಚೇಳೂರಿಗೆ ಹೋದ. ಬೆಟ್ಟಯ್ಯ ಕೆಟ್ಟವನಲ್ಲ, ಅಕ್ಕ ಎಂದರೆ ಪ್ರಾಣ ಬಿಡುವವನು. ಆದರೆ ಅವನಿಗೆ ರೋಷ ಬಂದಿತ್ತು.

"ಸರ್ಕಾರಕ್ಕೆ ಲಕ್ಷ ಕೊಟ್ಟು ನಮ್ಮಕ್ಕನಿಗೆ ನಾನೂರು ಇಲ್ವಾ ಭಾವ? ಒಂದು ಕಾಗದ ಹಾಕಿ ತರಿಸ್ಕೊಳ್ಳಿ."

"ಅದ್ರಲ್ಲಿರೋದು ಇನ್ನೂರು ಕಣೋ ಬೆಟ್ಟಯ್ಯ. ನಮ್ಮಪ್ಪನಾಣೆ."

"ಇನ್ನೂರು ರೂಪಾಯಿಗೆ ಯಾರಾದ್ರೂ ಗಾಜು ಹಾಕಿಸ್ತಾರಾ?"

ಕದರಯ್ಯ ಬರಿಗೈಯಲ್ಲಿ ವಠಾರಕ್ಕೆ ವಾಪಸು ಬಂದ. ಷಡಕ್ಷರಿಯವರು, ದೊಡ್ಡವರಾದ ನೀವು ನಮ್ಮಂಥವರನ್ನು ಪರೀಕ್ಷೆ ಮಾಡಬಾರದು ಎಂದು ಕೈಮುಗಿದರು. ಬಾಳೆಗೊನೆಯ ಸಿದ್ದಗಂಗಯ್ಯ, ತೂಬಿಗೆ ನೀರು ಬರಲಿಲ್ಲವೆಂಬ ಸಿಟ್ಟಿಗೆ, ಮನೆಯಲ್ಲಿ ಇಲ್ಲವೆಂದು ಹೇಳಿಸಿದ.

ಕೊನೆಗೆ ನಮ್ಮ ಮನೆಗೆ ಬಂದ. ಭಾನುವಾರ ಬೆಳಿಗ್ಗೆ. ಒಳಗೆ ಬಾ ಎಂದರೆ ಬರಲಿಲ್ಲ. ಮೆಟ್ಟಿಲ ಕೆಳಗೆ, ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ. ನನ್ನ ಪೋಸ್ಟಾಫೀಸಿನ ಪುಸ್ತಕದಲ್ಲಿ ಆಗ ನಾನೂರ ಇಪ್ಪತ್ತು ರೂಪಾಯಿ ಇತ್ತು, ಯಾವತ್ತು ಬೇಕಾದರೂ ತೆಗೆಯಬಹುದಾದ ದುಡ್ಡು. ರೇಡಿಯೋ ತರಬೇಕೆಂದು ಎರಡು ವರ್ಷದಿಂದ ಕೂಡಿಸಿದ್ದೆ, ಅಂಗಡಿಗೆ ಹೋಗಿ ನೋಡಿಯೂ ಬಂದಿದ್ದೆ.

"ನಂದೂ ಸರ್ಕಾರದ ಹತ್ರಾನೇ ಸಿಕ್ಕಿಹಾಕ್ಕೊಂಡಿದೆ ಕದರಯ್ಯ," ಎಂದೆ. "ಉಳಿತಾಯ ಪತ್ರ. ಐದು ವರ್ಷ ತೆಗೆಯೋ ಹಾಗಿಲ್ಲ."

"ಅಯ್ಯೋ, ನಿಮ್ದೂನಾ?" ಎಂದ. ಅವನ ಮುಖದಲ್ಲಿ ನನ್ನ ಬಗ್ಗೆ ಮರುಕ ಕಂಡಿತು. "ಹೋಗ್ಲಿ ಬುಡಿ ಮೂರ್ತಿಗಳೇ, ಮನ್ಸಿಗೆ ಹಚ್ಕೋಬೇಡಿ," ಎಂದು ನನಗೇ ಸಮಾಧಾನ ಹೇಳಿ ಹೋದ. ನಾನು ಆ ರೇಡಿಯೋವನ್ನೂ ತರಲಿಲ್ಲ. ತಂದರೆ ಎದುರು ಮನೆಗೆ ಕೇಳಿಸುತ್ತಿತ್ತು.

ಉಳಿದದ್ದು ಸರ್ಕಾರ. ತನ್ನ ದುಡ್ಡನ್ನು ತನಗೆ ವಾಪಸು ಕೊಡಬೇಕು, ಹೆಂಡತಿಗೆ ಕಾಯಿಲೆ ಎಂದು ಅವನು ಅರ್ಜಿ ಬರೆದುಕೊಂಡು ಲಕ್ಷ್ಮೀನರಸಿಂಹಯ್ಯನವರ ಮೇಜಿಗೆ ಹೋದ. ಅವರು ನಿಯಮಗಳ ಪುಸ್ತಕ ತೆಗೆದು, ಬೆರಳಿಗೆ ಉಗುಳು ಹಚ್ಚಿಕೊಂಡು ಹಾಳೆ ತಿರುವಿದರು.

"ಕಾಯಿಲೆಗೆ ಅಂತ ಇಲ್ಲಿ ಏನೂ ಇಲ್ಲ ಕಣಯ್ಯಾ. ಅವಧಿ ಮುಗಿದ ಮೇಲೆ ಐದು ಕಂತು, ವರ್ಷಕ್ಕೊಂದು. ಒಟ್ಟಿಗೆ ಬೇಕು ಅಂದ್ರೆ ಠೇವಣಿದಾರ ಮೃತಪಟ್ಟಿರಬೇಕು. ಆಗ ಪೂರ್ತಿ ಮೊತ್ತ ತಕ್ಷಣ ನಾಮಿನಿಗೆ."

"ನಾಮಿನಿ ಅಂದ್ರೆ?"

"ನೀನು ಸತ್ತ ಮೇಲೆ ದುಡ್ಡು ಯಾರಿಗೆ ಹೋಗಬೇಕು ಅಂತ ಬರೆಸಿರ್ತೀಯಲ್ಲ, ಅವರು. ರಂಗಲಕ್ಷ್ಮಮ್ಮ ಅಂತ ಬರೆಸಿದೀಯ."

ಕದರಯ್ಯ ಇದನ್ನು ಬಹಳ ಹೊತ್ತು ಮನಸ್ಸಿನಲ್ಲೇ ಕೂಡಿ ಕಳೆದ.

"ಹಂಗಾದ್ರೆ ನಾನು ಸತ್ರೆ ಅವಳಿಗೆ ಆಪರೇಷನ್ ಆಯ್ತದೆ."

"ಅರ್ಧ ಆಗುತ್ತೆ. ಇನ್ನೂರು ತಾನೇ ಇರೋದು."

ಲಕ್ಷ್ಮೀನರಸಿಂಹಯ್ಯನವರು ತಮಾಷೆಗೆ ಹೇಳಿದ್ದಲ್ಲ, ಲೆಕ್ಕ ಹೇಳಿದ್ದು. ಆದರೂ ಹೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಆ ಅರ್ಜಿಯನ್ನು ಸಾಹೇಬರಿಗೆ ಮಂಡಿಸಿದರು. ಸಾಹೇಬರು ಬೆಂಗಳೂರಿಗೆ ಬರೆದರು. ಬರೆದ ಕಾಗದಕ್ಕೆ ನಂಬರು ಹಾಕಿ ಅಂಚೆಗೆ ಹಾಕಿದವನು ಕದರಯ್ಯ. ದಿನಾ ಬೆಳಿಗ್ಗೆ ಟಪಾಲಿನ ಚೀಲ ಬಂದಾಗ ಅವನೇ ಮೊದಲು ಒಡೆಯುತ್ತಿದ್ದ. ಈಗ ಪ್ರತಿಯೊಂದು ಕಾಗದವನ್ನೂ ಓದುತ್ತಿದ್ದ.

ರಂಗಲಕ್ಷ್ಮಮ್ಮ ಫೆಬ್ರವರಿಯ ಒಂದು ಮಧ್ಯಾಹ್ನ ತೀರಿಕೊಂಡಳು. ಕದರಯ್ಯ ಕಚೇರಿಯಲ್ಲಿದ್ದ. ನನ್ನ ಹೆಂಡತಿ ಗಂಜಿ ಕುಡಿಸಲು ಹೋದವಳು ನೋಡಿದ್ದು.

ಚೇಳೂರಿನವರು, ಕುಣಿಗಲ್ ಕಡೆಯವರು ಮಾರನೇ ದಿನ ಬೆಳಿಗ್ಗೆಯೇ ಬಂದು ಸೇರಿದರು. ಚಟ್ಟ ಕಟ್ಟಿ ಬೀದಿಯಲ್ಲಿ ಇಟ್ಟಾಯಿತು. ಹನ್ನೊಂದು ಗಂಟೆಯಾದರೂ ಹೊರಡಲಿಲ್ಲ. ಯಾಕೆ ತಡ ಎಂದು ಕೇಳಿದೆ. ಬೆಟ್ಟಯ್ಯ ಕಣ್ಣು ಒರೆಸಿಕೊಂಡು ಹೇಳಿದ.

"ನಮ್ ಕಡೆ ಸಾಲ ಇಸ್ಕೊಂಡೋರು ಕೊಟ್ಟೋರ ಮನೆ ಸಾವಿಗೆ ಬಂದು ಸೌದೆಗೆ ಕೈ ಹಾಕ್ತಾರೆ ಸ್ವಾಮಿ. ಅವ್ರು ಬರೋ ತನಕ ಎತ್ತೋ ಹಂಗಿಲ್ಲ."

"ಯಾರು ಬರಬೇಕು?"

"ಸರ್ಕಾರದೋರು."

ನಾನು ಕದರಯ್ಯನ ಕಡೆ ನೋಡಿದೆ. ಅವನೂ ರಸ್ತೆಯ ಕಡೆಗೇ ನೋಡುತ್ತಿದ್ದ. ಅವನು ನಂಬಿದ್ದನೋ, ಸುಮ್ಮನೆ ಆ ಕಡೆ ಮುಖ ಮಾಡಿ ಕೂತಿದ್ದನೋ ನಾನು ಹೇಳಲಾರೆ.

ಅಷ್ಟರಲ್ಲಿ ಒಂದು ಜೀಪು ನಿಜವಾಗಿಯೂ ಬಂತು. ಬೀದಿಯ ತುದಿಯಲ್ಲಿ ತಿರುಗಿ ನಮ್ಮ ಕಡೆಗೇ ಬಂತು. ಜನ ಎದ್ದು ನಿಂತರು, ನರಸಯ್ಯ ತಲೆಯ ವಸ್ತ್ರ ಸರಿಮಾಡಿಕೊಂಡ. ಜೀಪಿನ ಮೇಲೆ ಮೈಕು ಕಟ್ಟಿತ್ತು. ಅದು ಸಣ್ಣ ಉಳಿತಾಯ ಪಾಕ್ಷಿಕದ ಪ್ರಚಾರದ ಜೀಪು. 'ನಾಡಿನ ಏಳಿಗೆಗೆ ನಿಮ್ಮ ಉಳಿತಾಯ, ನಿಮ್ಮ ಕುಟುಂಬದ ನಾಳೆಗೆ ಸರ್ಕಾರದ ಭರವಸೆ' ಎಂದು ಕೂಗುತ್ತ ಹತ್ತಿರ ಬಂದು, ಚಟ್ಟದ ಮುಂದೆ ನಿಂತು, ಎರಡು ಸಲ ಹಾರನ್ ಹೊಡೆಯಿತು. ಚಾಲಕ ತಲೆ ಹೊರಗೆ ಹಾಕಿದ.

"ಸ್ವಲ್ಪ ಪಕ್ಕಕ್ಕೆ ಸರಿಸ್ಕೊಳ್ರಪ್ಪ, ಮುಂದೆ ಹೋಗ್ಬೇಕು."

ಕದರಯ್ಯ ಎದ್ದ. ತಲೆಯ ಕಡೆ ಅವನು ಹಿಡಿದ, ಕಾಲಿನ ಕಡೆ ಬೆಟ್ಟಯ್ಯ ಹಿಡಿದ. ಚಟ್ಟವನ್ನು ಚರಂಡಿಯ ಪಕ್ಕಕ್ಕೆ ಸರಿಸಿದರು. ಜೀಪು ಮುಂದೆ ಹೋಯಿತು. ಒಮ್ಮೆ ಎತ್ತಿದ್ದನ್ನು ಮತ್ತೆ ಇಳಿಸಬಾರದೆಂದು ಯಾರೋ ಹಿರಿಯರು ಗೊಣಗಿದ್ದರಿಂದ, ಹಾಗೆಯೇ ಹೆಗಲಿಗೆ ಏರಿಸಿಕೊಂಡು ಹೊರಟೆವು. ಸೌದೆಗೆ ಯಾರು ಕೈ ಹಾಕಬೇಕು ಎಂಬ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ತಿಥಿ ಮುಗಿಸಿ ಕದರಯ್ಯ ಕೆಲಸಕ್ಕೆ ಬಂದ ದಿನವೇ ಬೆಂಗಳೂರಿನ ಉತ್ತರ ಬಂತು. ಅವನೇ ಒಡೆದ, ನಿಂತುಕೊಂಡೇ ಓದಿದ, ನಂಬರು ಹಾಕಿ ಲಕ್ಷ್ಮೀನರಸಿಂಹಯ್ಯನವರ ಮೇಜಿಗೆ ಇಟ್ಟ. ಸದರಿ ನೌಕರರ ಕೋರಿಕೆಗೆ ನಿಯಮಗಳಲ್ಲಿ ಅವಕಾಶವಿಲ್ಲ ಎಂದಿತ್ತು. ಲಕ್ಷ್ಮೀನರಸಿಂಹಯ್ಯನವರು ಅದನ್ನು ಫೈಲಿಗೆ ಸೇರಿಸಿದರು. ಆಮೇಲೆ ಡ್ರಾಯರಿನಿಂದ ಒಂದು ಫಾರಂ ತೆಗೆದು ಮೆಲ್ಲಗೆ ಅವನ ಕಡೆ ತಳ್ಳಿದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ನಾಮಿನಿ ಹೋಗ್ಬಿಟ್ರಲ್ಲಪ್ಪ. ಬೇರೆ ಹೆಸರು ಬರೀಬೇಕು. ಆ ಜಾಗ ಖಾಲಿ ಬಿಡೋ ಹಾಗಿಲ್ಲ. ಬೆಟ್ಟಯ್ಯನ ಹೆಸರು ಹಾಕ್ಲಾ?"

"ಬೇಡ ಸ್ವಾಮಿ. ಅವ್ನಿಗೆ ತೋಟ ಐತೆ," ಎಂದ ಕದರಯ್ಯ.

ಪೆನ್ನು ತೆಗೆದುಕೊಂಡು, ನಿಧಾನವಾಗಿ, ಗುಂಡಗೆ ಬರೆದ. ಬರೆದು, ಫಾರಮ್ಮನ್ನು ನನ್ನ ಮೇಜಿನ ಹತ್ತಿರ ತಂದು, ನಾಮಿನಿಯ ಒಪ್ಪಿಗೆ ಸಹಿ ಎಂದಿದ್ದ ಕಡೆ ಬೆರಳು ತೋರಿಸಿದ. ಮೇಲೆ ನನ್ನ ಹೆಸರಿತ್ತು.

"ಇದೇನು ಕದರಯ್ಯ, ನನ್ನ ಹೆಸರು ಯಾಕೆ?" ಎಂದೆ.

"ನಿಮ್ ದುಡ್ಡೂ ಸಿಕ್ಕಾಕ್ಕೊಂಡೈತೆ ಅಂದಿದ್ರಲ್ಲ ಮೂರ್ತಿಗಳೇ. ನಾನು ಮುಂಚೆ ಹೋದ್ರೆ ನಿಮ್ಗಾದ್ರೂ ಕೈಗೆ ಸಿಗ್ಲಿ ಅಂತ," ಎಂದು ಅವನು ಪೆನ್ನನ್ನು ನನ್ನ ಕೈಗೆ ಕೊಟ್ಟ.